ದಬ್ಬೆ ತೆಗೆದ ದಿನ

ಶ್ರೀನಿವಾಸಪುರದ ಸಂತೆ ಬೀದಿಯಲ್ಲಿ ನಮ್ಮ ಸೇವಾ ಸಂಘ ಬೇಸಿಗೆಯಲ್ಲಿ ಅರವಟ್ಟಿಗೆ ಇಡುತ್ತಿತ್ತು. ದಾರಿಹೋಕರಿಗೆಲ್ಲ ಲೋಟದಲ್ಲಿ ನೀರು. ಊರಾಚೆಯ ಕೇರಿಯವರಿಗೆ ಮಾತ್ರ ಸೀಳಿದ ಬಿದಿರಿನ ದಬ್ಬೆಯಲ್ಲಿ, ದೂರದಿಂದ, ಬೊಗಸೆಗೆ. ೧೯೩೮ರ ಮೇ ತಿಂಗಳಲ್ಲಿ ಹೊಸ ಅಧ್ಯಕ್ಷರಾದ ವೆಂಕಟರಾಯಪ್ಪನವರು, "ನಾಳೆ ಸಂತೆಯಿಂದ ದಬ್ಬೆ ಬೇಡ. ಎಲ್ರಿಗೂ ಲೋಟವೇ. ಬರೆದು ಅಂಟಿಸಪ್ಪ" ಎಂದರು.

ನಾನು ಕಾರ್ಯದರ್ಶಿ, ಸಂಜೆಯ ತರಗತಿಯಲ್ಲಿ ಅಕ್ಷರ ಕಲಿತವನು. ತಪ್ಪಾದೀತೆಂಬ ಭಯಕ್ಕೆ ಸರ್ಕಾರಿ ಪ್ರಕಟಣೆಯೊಂದನ್ನು ಮುಂದಿಟ್ಟುಕೊಂಡು ಅದೇ ಧಾಟಿಯಲ್ಲಿ ಬರೆದೆ: "ಮೀರಿದವರನ್ನು ತೆಗೆದುಹಾಕಲಾಗುವುದು." ಮೂರು ಸಲ ತಿದ್ದಿ, ಅಂದೇ ಅರವಟ್ಟಿಗೆಯ ಕಂಬಕ್ಕೆ ಅಂಟಿಸಿದೆ. ಸಂಬಳವಿಲ್ಲದೆ ದುಡಿಯುವವರಿಗೆ ಅದು ಹೇಗೆ ತಾಕೀತೆಂದು ಒಮ್ಮೆಯೂ ಯೋಚಿಸಲಿಲ್ಲ.

ಬೆಳಗ್ಗೆ ಹನ್ನೊಂದು ಜನ ಸ್ವಯಂಸೇವಕರಲ್ಲಿ ಒಬ್ಬರೂ ಇಲ್ಲ. ಗೌನಿಪಲ್ಲಿಯ ಮಾವಿನ ಗಾಡಿಗಳು ಆಗಲೇ ಬರುತ್ತಿದ್ದವು. ಹಂಡೆಗಳು ಖಾಲಿ.

"ಇವತ್ತು ಮುಚ್ಚಿದ್ರೆ ದಬ್ಬೇನೇ ಗೆದ್ದಂಗೆ," ಎಂದು ಅಧ್ಯಕ್ಷರು ಪಂಚೆ ಎತ್ತಿ ಕಟ್ಟಿ ಬಾವಿಯ ಹಗ್ಗ ಹಿಡಿದರು. ನಾನು ಸ್ವಯಂಸೇವಕರಲ್ಲಿ ಹಿರಿಯನಾದ ಸೊಣ್ಣಪ್ಪನ ಮನೆಗೆ ಓಡಿದೆ.

"ಏನ್ಲಾ, ತೆಗೆದುಹಾಕ್ತೀಯಾ? ನೀನೇನು ಸಂಬಳ ಕೊಟ್ಟು ಇಟ್ಕೊಂಡಿದ್ದೀಯೇನ್ಲಾ?" ಎಂದ.

ಜಗಲಿಯಲ್ಲಿ ಅವನ ಅಕ್ಕ ಬಚ್ಚಮ್ಮ. ಆರು ಬೇಸಿಗೆ ನಮ್ಮ ಹಂಡೆ ತುಂಬಿಸಿದವಳು. "ಏಮಯ್ಯಾ ಕಾರ್ಯದರ್ಶಿ, ನಮಗೆಲ್ಲ ಬರೆದೆ. ಕೇರಿ ಮುನಿಯಲ್ಲಪ್ಪ ಕುಡಿದ ಲೋಟದಲ್ಲಿ ನೀನು ಕುಡೀತೀಯಾ?"

ಬರೆಯುವಾಗ ನನ್ನನ್ನು ನಾನು ಸೇರಿಸಿಕೊಂಡಿರಲೇ ಇಲ್ಲ.

"ಕುಡೀತೀನಿ. ಬಂದು ನೋಡಿ," ಎಂದುಬಿಟ್ಟೆ.

"ಬಾರೋ ತಮ್ಮಾ, ತಮಾಷೆ ನೋಡೋಣ!" ಎಂದು ಬಚ್ಚಮ್ಮ ಎದ್ದೇಬಿಟ್ಟಳು. ಸುದ್ದಿ ಕೇಳಿ ಬೀದಿಯೇ ಹಿಂದೆ ಬಂತು.

ಅರವಟ್ಟಿಗೆಗೆ ಬಂದವನೇ ಮೊದಲು ನನ್ನ ಕಾಗದವನ್ನು ಹರಿದೆ. ಗಾಡಿಯಿಳಿದ ಮುನಿಯಲ್ಲಪ್ಪ ರೂಢಿಯಂತೆ ಬೊಗಸೆಯೊಡ್ಡಿ ನಿಂತಿದ್ದ. ಲೋಟ ಚಾಚಿದೆ.

"ಬೇಡ ಸ್ವಾಮಿ, ನಾಳೆ ನನ್ ಮೇಲೆ ಬರ್ತದೆ."

"ನನ್ ಮೇಲೇ ಬರ್ಲಿ. ಬೇಗ ಹಿಡಿಯಪ್ಪ, ಬೀದಿಯೆಲ್ಲ ನೋಡ್ತಿದೆ."

ಅವನು ಅರ್ಧ ಕುಡಿದು ಹಿಂದಕ್ಕೆ ಕೊಟ್ಟ. ಉಳಿದದ್ದನ್ನು ಒಂದೇ ಗುಟುಕಿಗೆ ಎತ್ತಿದೆ. ಅಂಗಿಯೆಲ್ಲ ಒದ್ದೆ.

"ಚೆಲ್ದ ಕಣೋ!" ಎಂದು ಬಚ್ಚಮ್ಮ ನಕ್ಕಳು, ಬೀದಿಯೂ ನಕ್ಕಿತು. ಅವಳು ಸೆರಗು ಸಿಕ್ಕಿಸಿ ಬಾವಿಗೆ ನಡೆದಳು. "ಅಧ್ಯಕ್ಷರೇ, ಹಗ್ಗ ಇತ್ಲಾಗೆ ಕೊಡಿ. ನೀವು ಸೇದೋದ್ರಲ್ಲಿ ಸಂತೆ ಮುಗಿದೋಗ್ತದೆ."

ಸ್ವಯಂಸೇವಕರಲ್ಲಿ ಆರು ಜನ ಕೊಡ ಎತ್ತಿಕೊಂಡರು. ಸೊಣ್ಣಪ್ಪ ಲೋಟ ಮುಟ್ಟಲಿಲ್ಲ. ಅರವಟ್ಟಿಗೆಗೆ ಕಟ್ಟಿದ್ದ ದಬ್ಬೆಯನ್ನು ಕಿತ್ತು ಬಾವಿಕಟ್ಟೆಯಿಂದ ಎತ್ತುಗಳ ತೊಟ್ಟಿಗೆ ಇಳಿಜಾರಾಗಿ ಇಟ್ಟ.

"ಹುಯ್ಯಕ್ಕಾ," ಎಂದ. ನೀರು ಹೊಳೆಯುತ್ತ ಓಡಿತು.