ಗಾಜಿನ ಹಿಂದಿನ ಮಂಚ

ಮಾಗುಮೆಡೆ ನಮ್ಮ ಅಂಗಡಿಯ ಜಗಲಿಯಲ್ಲಿ ಮಲಗತೊಡಗಿದಾಗ ಅವಳನ್ನು ಎಬ್ಬಿಸಿ ಕಳಿಸುವುದು ನನ್ನ ಕೆಲಸವಾಗಿತ್ತು. ನಾನು ಬುಲವಾಯೊ ನಗರದ ಆ ಮಂಚ-ಕುರ್ಚಿ ಅಂಗಡಿಯ ಕಾವಲುಗಾರ. ಎಬ್ಬಿಸಲಿಲ್ಲ. ನಮ್ಮಮ್ಮನೂ ಅವಳೂ ಬಟ್ಟೆ ಗಿರಣಿಯಲ್ಲಿ ಒಂದೇ ಪಾಳಿಯಲ್ಲಿ ದುಡಿದವರು. ಗಿರಣಿ ಮುಚ್ಚಿತು. ಅವಳಿದ್ದ ವಠಾರದ ಮನೆಯೂ ಗಿರಣಿಯದೇ ಆದ್ದರಿಂದ ಅದೂ ಹೋಯಿತು. ನಮ್ಮಮ್ಮ ಅಷ್ಟರಲ್ಲಿ ತೀರಿಕೊಂಡಿದ್ದಳು. ಮಾಗುಮೆಡೆ ಬದುಕಿದ್ದಳು, ಅದೇ ಅವಳಿಗೆ ಕಷ್ಟವಾಯಿತು.

ಗಿರಣಿಯ ಮಾಲೀಕರೇ ಈ ಅಂಗಡಿ ತೆರೆದವರು. ನೇಯುವುದಕ್ಕಿಂತ ಹೊರಗಿನಿಂದ ತರಿಸಿ ಮಾರುವುದರಲ್ಲೇ ಲಾಭ ಎಂದು ಅವರಿಗೆ ಗೊತ್ತಾಗಿತ್ತು. ಆದರೆ ಆ ಚಳಿಗಾಲ ಕೊಳ್ಳುವವರೇ ಇರಲಿಲ್ಲ. ಜನ ಗಾಜಿನಾಚೆ ನಿಂತು ಕಣ್ತುಂಬ ನೋಡಿ, ಬ್ರೆಡ್ಡಿನ ಸಾಲಿಗೆ ಹೋಗುತ್ತಿದ್ದರು.

ಒಂದು ಬೆಳಿಗ್ಗೆ ಮ್ಯಾನೇಜರ್ ಚಿವೇಶೆ ಜಗಲಿಯಲ್ಲಿ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತರು.

"ಅಜ್ಜಿ, ಮೂರು ದಿನ ನಮ್ಮ ಹೊಸ ಮಂಚದ ಮೇಲೆ ಮಲಕ್ಕೊಳ್ಳಿ. ಅಲ್ಲಿ, ಗಾಜಿನ ಹಿಂದೆ. ಊಟ ನಮ್ದೇ. ಕೊನೇಲಿ ಮಂಚ, ಹಾಸಿಗೆ, ಹೊದಿಕೆ ಎಲ್ಲಾ ನಿಮ್ಗೇ."

"ಹಗಲು ಹೊತ್ತಲ್ಲೇ?"

"ಜನ ನೋಡ್ಬೇಕಲ್ಲ. ಕಂಪನಿಗೂ ಸಮಾಜದ ಬಗ್ಗೆ ಜವಾಬ್ದಾರಿ ಅಂತ ಇರುತ್ತೆ."

"ಇರ್ಬೇಕಪ್ಪಾ. ಇಷ್ಟು ದಿನ ಎಲ್ಲಿಟ್ಟಿದ್ರೋ."

ಬೇಡ ಅನ್ನು ಎಂದು ನಾನು ಕಣ್ಣಲ್ಲೇ ಹೇಳಿದೆ. "ಊಟ ಇದೆಯಂತಲ್ಲೋ ಮೆಲುಸಿ," ಎಂದು ಎದ್ದಳು.

ಮೊದಲ ದಿನ ಹೆಣದ ಹಾಗೆ ಸೆಟೆದು ಮಲಗಿದ್ದಳು. "ಉಸಿರಾಡ್ತಾಳಾ ನೋಡ್ರೋ," ಎಂದು ಯಾರೋ ಗಾಜು ತಟ್ಟಿದರು. ಎರಡನೆಯ ದಿನ ನಿಜವಾಗಿಯೇ ನಿದ್ದೆ ಹೋದಳು, ಬಾಯಿ ತೆರೆದುಕೊಂಡು. ಜನ ಗುಂಪುಗಟ್ಟಿ ನಕ್ಕು ಫೋಟೋ ತೆಗೆದರು. ಒಂದು ಮದುಮಕ್ಕಳ ಜೋಡಿ ಒಳಗೆ ಬಂದು ಅಂಥದೇ ಮಂಚ ಕಂತಿನ ಮೇಲೆ ಕೊಂಡಿತು. ನಾನು ಬೀದಿಯ ಕಡೆ ಮುಖ ಮಾಡಿ ನಿಂತಿದ್ದೆ.

ಮೂರನೆಯ ದಿನ ಕ್ಯಾಮೆರಾದವರು ಬಂದರು. ಅವಳು ಧನ್ಯವಾದ ಹೇಳಬೇಕಿತ್ತು. ಹೇಳಲಿಲ್ಲ, ಚಾದರದ ಅಂಚನ್ನು ಬೆರಳ ನಡುವೆ ಉಜ್ಜಿ, ಬೆಳಕಿಗೆ ಹಿಡಿದಳು.

"ನೇಯ್ಗೆ ಸಡಿಲ ಇದೆ. ಹತ್ತು ಸಲ ಒಗೆದ್ರೆ ಜಾಳಾಗುತ್ತೆ. ನಾವು ನೇಯ್ದದ್ದನ್ನ ಮಗಳ ಮದುವೆಗೆ ಕೊಟ್ರೆ ಮೊಮ್ಮಕ್ಕಳು ಹೊದೀತಿದ್ರು."

ಚಿವೇಶೆ ಕ್ಯಾಮೆರಾಕ್ಕೆ ಕೈ ಅಡ್ಡ ಹಿಡಿದರು.

ಸಂಜೆ ಮಂಚವನ್ನು ವ್ಯಾನಿಗೆ ಹೇರಿದರು. "ಎಲ್ಲಿಗೆ ಅಜ್ಜಿ?" ಎಂದ ಚಾಲಕ.

"ಗಿರಣಿ ವಠಾರ, ಹದಿನೇಳನೇ ಮನೆ."

"ಅದೀಗ ನಮ್ಮ ಗೋದಾಮು. ಈ ಮಂಚ ತಂದಿದ್ದೇ ಅಲ್ಲಿಂದ."

"ಹಾಗಾದ್ರೆ ಹೊದಿಕೆಯೊಂದು ಕೊಡಿ, ಸಾಕು."

"ಸೆಟ್ ಒಡೆಯೋಕಾಗಲ್ಲ," ಎಂದರು ಚಿವೇಶೆ. "ಮಂಚ ಮುಟ್ಟಿತು ಅಂತ ಇಲ್ಲಿ ಸಹಿ ಹಾಕಿ. ಜಾಗ ಸಿಕ್ಕಾಗ ಬಂದು ತಗೊಂಡ್ಹೋಗಿ."

"ಮುಟ್ಟದೇ ಇದ್ದದ್ದಕ್ಕೆ ಹೇಗಪ್ಪಾ ಸಹಿ ಹಾಕ್ಲಿ?" ಪೆನ್ನನ್ನು ಮೇಜಿನ ಮೇಲಿಟ್ಟು ಚಪ್ಪಲಿ ಮೆಟ್ಟಿಕೊಂಡಳು.

ಚಿವೇಶೆ ನನ್ನನ್ನು ಪಕ್ಕಕ್ಕೆ ಕರೆದರು. "ಇವತ್ತಿಂದ ಜಗಲಿ ಮೇಲೆ ಯಾರೂ ಇರಬಾರ್ದು. ನನಗೂ ಮೇಲಿನೋರಿದಾರೆ ಮೆಲುಸಿ." ಅವರು ಕೆಟ್ಟವರಲ್ಲ. ನನಗೂ ಮಕ್ಕಳಿದ್ದಾರೆ.

ಅವಳ ಗಂಟನ್ನು ನಾನೇ ಹೊತ್ತೆ. ಬಸ್ ನಿಲ್ದಾಣದವರೆಗೆ ಅವಳು ನನಗಿಂತ ಮುಂದೆ ನಡೆದಳು.

"ನಿಮ್ಮಮ್ಮ ಇದ್ದಿದ್ರೆ ನಿನ್ನ ಕಪಾಳಕ್ಕೆ ಬಿಡ್ತಿದ್ಲು," ಎಂದಳು.

"ಹೌದು."

"ಹೋಗು. ಕೆಲಸ ಉಳಿಸ್ಕೊ."

ಮುಂದಿನ ವಾರ ಮೆಕ್ಕೆಜೋಳದ ಮುದ್ದೆ, ಸೊಪ್ಪು ಕಟ್ಟಿಸಿಕೊಂಡು ನಿಲ್ದಾಣಕ್ಕೆ ಹೋದೆ. ಅವಳಿರಲಿಲ್ಲ. ಕೆಮ್ಮು ಹೆಚ್ಚಾಗಿತ್ತು, ಯಾರೋ ಕರೆದೊಯ್ದರು ಎಂದರು ಅಲ್ಲಿದ್ದವರು. ಎಲ್ಲಿಗೆಂದು ಯಾರಿಗೂ ಗೊತ್ತಿರಲಿಲ್ಲ. ಅವಳ ಜಾಗದಲ್ಲಿ ಇನ್ನೊಬ್ಬಳು ರಟ್ಟು ಹಾಸಿಕೊಂಡು ಕೂತಿದ್ದಳು. ಆರಿದ ಮುದ್ದೆಯನ್ನು ಅವಳಿಗೆ ಕೊಟ್ಟು ಪಾಳಿಗೆ ಹೋದೆ.