ದಿನಕ್ಕೊಂದು ಗೇಣು

"ಮೂರೂ ಗೇಟಾ?" ಅವಳು ಎರಡನೇ ಸಲ ಕೇಳಿದಳು.

ಒಂದು ಕೈಯಲ್ಲಿ ಫೋನು, ಇನ್ನೊಂದು ಕೈ ಹೊಳೆಯಂಚಿನ ಮಟ್ಟದ ಕಂಬದ ಮೇಲೆ. ಕಂಬಕ್ಕೆ ಬಳಿದ ಅಂಕಿಗಳಲ್ಲಿ ನೀರು ಎಲ್ಲಿ ಮುಟ್ಟಿದೆಯೆಂದು ಬೆಳಿಗ್ಗೆ ಏಳಕ್ಕೂ ಸಂಜೆ ಐದಕ್ಕೂ ಓದಿ ಕಚೇರಿಗೆ ತಿಳಿಸುವುದು ಅವಳ ಕೆಲಸ. ಒಂಬತ್ತು ವರ್ಷದಿಂದ ಹೊಳೆ ಹೇಳಿದ್ದನ್ನು ಬರೆದುಕೊಂಡು ಬಂದವಳು. ಹೊಳೆಗೆ ತಾನೂ ಒಂದು ಮಾತು ಹೇಳಬೇಕೆಂದು ಅನ್ನಿಸಿದ್ದು ಈ ವರ್ಷವೇ.

"ಮೂರೂ," ಎಂದ ಅಣ್ಣ. ಮೇಲಿನ ಅಣೆಕಟ್ಟಿನಲ್ಲಿ ಗೇಟು ಎತ್ತುವವನು ಅವನು. "ಹನ್ನೆರಡಕ್ಕೆ ಎತ್ತೋದು. ನಿನ್ನ ಕಂಬಕ್ಕೆ ನಾಲ್ಕರ ಸುಮಾರಿಗೆ ಬರುತ್ತೆ. ಅಷ್ಟರೊಳಗೆ ಹೊಳೆಯಿಂದ ಮೇಲೆ ಬಂದುಬಿಡಿ."

"ಐದು ದಿನ ತಡೆಯೋಕಾಗಲ್ವಾ ಅಣ್ಣ? ಐದೇ ದಿನ. ಮರಿಯಾಗಿಬಿಡ್ತವೆ."

"ನಿಮ್ಮನೇಲಿ ಫ್ಯಾನು ತಿರುಗ್ತಿದೆಯಾ?"

"ತಿರುಗ್ತಿದೆ."

"ಅದೇ ನೀರು ಕಣೇ. ಊರಿಗೆ ಊರೇ ಸೆಕೆ ಅಂತ ಕೂಲರ್ ಮುಂದೆ ಕೂತಿದೆ. ಕರೆಂಟು ಬೇಕು ಅಂದ್ರೆ ನೀರು ಬಿಡಲೇಬೇಕು. ನಾನು ಬರೀ ಗುಂಡಿ ಒತ್ತೋನು."

"ಒತ್ತೋ ಬೆರಳು ನಿಂದೇ ಅಲ್ವಾ?"

ಆ ಕಡೆ ಯಾರೋ ಕೆಮ್ಮಿದರು. "ಸಾಹೇಬರು ಪಕ್ಕದಲ್ಲೇ ಇದ್ದಾರೆ. ಇಡ್ತೀನಿ," ಎಂದು ಅಣ್ಣ ಇಟ್ಟೇಬಿಟ್ಟ.

ಅವಳು ಸೀರೆ ಎತ್ತಿ ಕಟ್ಟಿ, ಮೊಣಕಾಲಿನವರೆಗಿನ ನೀರು ದಾಟಿ ಹೊಳೆನಡುವಿನ ಮರಳುದಿಬ್ಬಕ್ಕೆ ಹೋದಳು. ಅಲ್ಲಿ ಅತ್ತೆ ಕೊಡೆ ಹಿಡಿದು ಕೂತಿದ್ದರು. ಕಾಗೆ ಓಡಿಸುವ ಕೆಲಸವನ್ನು ಯಾರೂ ಕೊಡದಿದ್ದರೂ ಅವರೇ ವಹಿಸಿಕೊಂಡಿದ್ದರು. ಕೊಡೆಯಿಂದ ಇಪ್ಪತ್ತು ಹೆಜ್ಜೆ ಆಚೆ, ಬರೀ ಮರಳಿನ ಮೇಲಿನ ಅಂಗೈಯಗಲದ ಗುಳಿಯಲ್ಲಿ, ಕಪ್ಪು ಟೋಪಿ ಹಾಕಿದಂಥ ತಲೆಯ, ಹಳದಿ ಕೊಕ್ಕಿನ ಹೊಳೆಹಕ್ಕಿ ಮೂರು ಮೊಟ್ಟೆಗಳ ಮೇಲೆ ಕೂತಿತ್ತು.

ಅತ್ತೆಯ ಕಾಲದಲ್ಲಿ ಈ ದಿಬ್ಬದಲ್ಲಿ ಮೊಟ್ಟೆ ತುಳಿಯದೆ ನಡೆಯುವುದೇ ಒಂದು ವಿದ್ಯೆಯಾಗಿತ್ತಂತೆ. ಬೇಸಿಗೆಯಲ್ಲಿ ಇಳಿದ ಹೊಳೆ ಮಳೆ ಬರುವವರೆಗೂ ಇಳಿದೇ ಇರುತ್ತಿತ್ತು. ಹಕ್ಕಿಗಳು ಅದನ್ನು ನಂಬಿ ಮೊಟ್ಟೆಯಿಡುತ್ತಿದ್ದವು. ಈಗ ಬಿಸಿಲು ಏರಿದಷ್ಟೂ ಹೊಳೆ ಏರುತ್ತದೆ. "ನಮ್ಮ ಕಾಲದಲ್ಲಿ ಹೊಳೆಗೆ ಗಡಿಯಾರ ನೋಡೋಕೆ ಬರ್ತಿರಲಿಲ್ಲ," ಎನ್ನುತ್ತಿದ್ದರು ಅತ್ತೆ. "ಈಗ ಅದೂ ಡ್ಯೂಟಿಗೆ ಹೋಗಿ ಬರುತ್ತೆ." ಈ ವರ್ಷ ಇದ್ದದ್ದು ನಾಲ್ಕೇ ಗೂಡು. ಒಂದು ಗೇಟು ಎತ್ತಿದ ದಿನವೇ ಮೂರು ತೇಲಿಹೋದವು. ಉಳಿದದ್ದು ಇದೊಂದು.

ಹಕ್ಕಿ ಎಣಿಸಲು ಬರುತ್ತಿದ್ದ ಮೇಡಂ ಹೋಗುವಾಗ ಒಂದು ದುರ್ಬೀನನ್ನೂ ಒಂದು ಉಪಾಯವನ್ನೂ ಕೊಟ್ಟು ಹೋಗಿದ್ದರು. ದಿನಕ್ಕೊಂದು ಗೇಣು. ಹಕ್ಕಿ ಎದ್ದಾಗ ಒಂದೇ ಗೇಣು ಮೇಲೆ ಹೊಸ ಗುಳಿ ಮಾಡಿ ಮೊಟ್ಟೆ ಇಡಬೇಕು, ಹಳೇ ಗುಳಿಯನ್ನು ಅಂಗೈಯಿಂದ ಸವರಿ ಮುಚ್ಚಬೇಕು, ದೂರ ಬಂದು ಕೂರಬೇಕು. ಅಷ್ಟಾದರೆ ಹಕ್ಕಿ ಒಪ್ಪಿಕೊಳ್ಳುತ್ತದೆ. ಅವಳು ಹನ್ನೊಂದು ದಿನಕ್ಕೆ ಹನ್ನೊಂದು ಗೇಣು ಸರಿಸಿದ್ದಳು. ಎರಡು ಗೇಟಿನ ನೀರು ಬಂದು ನಿಲ್ಲುವ ಗೆರೆಯಿಂದ ಗೂಡು ನಿನ್ನೆಯಷ್ಟೇ ಆಚೆಗೆ ಬಂದಿತ್ತು.

"ನಿನ್ನನ್ನ ನಮ್ಮನೆಗೆ ತಂದಾಗಲೂ ದಿನಕ್ಕೊಂದು ಗೇಣು ಸರಿಸಿ ತಂದಿದ್ರೆ ಅಷ್ಟು ಅಳ್ತಿರಲಿಲ್ವೇನೋ," ಎಂದು ಅತ್ತೆ ನಿನ್ನೆ ನಕ್ಕಿದ್ದರು.

ಇವತ್ತು ಸೊಸೆಯ ಮುಖ ನೋಡಿ ನಗಲಿಲ್ಲ. "ಎಷ್ಟು ಮೇಲೆ ಹೋಗಬೇಕು?"

"ಐದು ಮಾರು. ದಿಬ್ಬದ ನೆತ್ತಿಗೆ."

"ಗೇಣಿನ ಲೆಕ್ಕದಲ್ಲಿ ಮಳೆಗಾಲವೇ ಬರುತ್ತಲ್ಲೇ."

ಹತ್ತೂವರೆಗೆ ಅವಳು ಮೊದಲ ಮಾರು ಸರಿಸಿದಳು. ಹಕ್ಕಿ ತಲೆಯ ಮೇಲೆ ಕಿರುಚುತ್ತ ಸುತ್ತಿತು, ಇಳಿಯಿತು, ಹಳೇ ಜಾಗದ ಸುತ್ತ ಚಪ್ಪಲಿ ಕಳೆದುಕೊಂಡವರ ಹಾಗೆ ಓಡಾಡಿತು. ಬಿಸಿಲಲ್ಲಿ ಬರಿದೇ ಬಿದ್ದ ಮೊಟ್ಟೆಗಳನ್ನು ನೋಡಲಾರದೆ ಅವಳು ಕಣ್ಣು ಮುಚ್ಚಿಕೊಂಡಳು. "ಕೂತಿತು," ಎಂದರು ಅತ್ತೆ ಕೊನೆಗೆ.

ಎರಡನೇ ಮಾರಿಗೆ ಇನ್ನೂ ಹೆಚ್ಚು ಹೊತ್ತು ಹಿಡಿಯಿತು. ಬಿಸಿಲು ನೆತ್ತಿಗೆ ಬಂದಿತ್ತು. ಹಕ್ಕಿ ಮೊಟ್ಟೆಗಳ ಹತ್ತಿರ ಹೋಗುವುದು, ಇವು ನನ್ನವಲ್ಲ ಎಂಬಂತೆ ತಿರುಗಿ ಬರುವುದು. ಅವಳ ತುಟಿ ಒಣಗಿ ಬಿರಿದಿತ್ತು. ನೀರಿನ ಬಾಟಲಿ ಪಕ್ಕದಲ್ಲೇ ಇದ್ದರೂ ಕುಡಿಯಲಿಲ್ಲ. ಎರಡೂವರೆಗೆ ಹಕ್ಕಿ ಬಂದು ಕೂತಿತು, ಮೊಟ್ಟೆಗಳನ್ನು ಕೊಕ್ಕಿನಿಂದ ಹೊಟ್ಟೆಯಡಿಗೆ ಎಳೆದುಕೊಂಡಿತು.

"ಇಷ್ಟಕ್ಕೆ ಬಿಡು," ಎಂದರು ಅತ್ತೆ. "ಒಪ್ಪಿದೆ. ಇನ್ನು ಎಳೀಬೇಡ."

"ನೀರು ಬಂದ್ರೆ?"

"ಬಂದ್ರೆ ಬಂತು. ನೀನು ಎತ್ತಿಟ್ಟ ಮೇಲೆ ಅದು ಬರದೇ ಹೋದ್ರೆ?"

ಮಾತು ಸರಿಯಾಗಿಯೇ ಇತ್ತು. ಆದರೆ ಮೂರು ಗೇಟಿನ ನೀರು ಎಲ್ಲಿ ಮುಟ್ಟುತ್ತದೆಂಬುದನ್ನು ಅವಳೇ ತನ್ನ ಕೈಯಾರೆ ದಾಖಲೆಯಲ್ಲಿ ಬರೆದಿದ್ದಳು. ಎರಡು ಮೀಟರ್. ಕಂಬದ ಅಂಕಿ ಒಮ್ಮೆಯೂ ಅವಳಿಗೆ ಸುಳ್ಳು ಹೇಳಿರಲಿಲ್ಲ. ಮೂರೂವರೆಗೆ ಮೇಲಿನ ಊರಿನ ಎಚ್ಚರಿಕೆಯ ಸೈರನ್ ಕೂಗಿತು. ನೀರಿನ ನಡುವೆ ಇದ್ದ ಕಲ್ಲುಗಳು ಒಂದೊಂದಾಗಿ ಮುಳುಗತೊಡಗಿದವು. ಅವಳು ಓಡಿದಳು. ಹಕ್ಕಿ ಹಾರಿತು. ಬೆಚ್ಚಗಿದ್ದ ಮೂರು ಮೊಟ್ಟೆಗಳನ್ನು ಸೆರಗಿನಲ್ಲಿಟ್ಟುಕೊಂಡು ನೆತ್ತಿಗೆ ಹತ್ತಿ, ಮೊಣಕೈಯಿಂದ ಗುಳಿ ಒತ್ತಿ, ಇಟ್ಟು, ಅತ್ತೆಯ ಕೈ ಹಿಡಿದು ನೀರಿಗಿಳಿದಳು. ಬರುವಾಗ ಮೊಣಕಾಲಿಗಿದ್ದ ನೀರು ಈಗ ಸೊಂಟಕ್ಕೆ ಬಂದಿತ್ತು. ನಡುವಿನಲ್ಲಿ ಕೊಡೆ ಕೈಜಾರಿ ಹೋಯಿತು. "ಹೋಗಲಿ ಬಿಡು, ಅದಕ್ಕೂ ಊರು ನೋಡೋ ಆಸೆ," ಎಂದರು ಅತ್ತೆ, ಹಲ್ಲು ಕಚ್ಚಿಕೊಂಡೇ.

ಐದಕ್ಕೆ ಕಂಬ ಓದಿದಾಗ ನೀರು ಇನ್ನೂ ಏರುತ್ತಲೇ ಇತ್ತು. ದಡದಲ್ಲಿ ನಿಂತು ಕತ್ತಲಾಗುವವರೆಗೂ ದುರ್ಬೀನಿನಲ್ಲಿ ನೋಡಿದರು. ಹಕ್ಕಿ ದಿಬ್ಬದ ಮೇಲೆ ಸುತ್ತುತ್ತಲೇ ಇತ್ತು.

ಬೆಳಿಗ್ಗೆ ಏಳಕ್ಕೆ ಅವಳು ಕಂಬ ಓದಿದಳು. ಒಂದು ಮೀಟರ್ ಅರವತ್ತು. ಕಣ್ಣುಜ್ಜಿಕೊಂಡು ಮತ್ತೆ ಓದಿದಳು. ಕಂಬದ ಮೇಲೆ ಅದಕ್ಕಿಂತ ಎತ್ತರದಲ್ಲಿ ಒದ್ದೆಯ ಗುರುತೇ ಇರಲಿಲ್ಲ. ರಾತ್ರಿಯೂ ನೀರು ಅದಕ್ಕಿಂತ ಮೇಲೇರಿರಲಿಲ್ಲ. ಇದು ಎರಡು ಗೇಟಿನ ನೀರು.

ಬರೆಯುವ ಮೊದಲೇ ಫೋನು ಬಂತು. ಅಣ್ಣನ ದನಿ ಪಿಸುಮಾತಿನಷ್ಟಿದ್ದರೂ ಅದರಲ್ಲಿ ಚಿಕ್ಕಂದಿನ ಕಳ್ಳತನದ ಖುಷಿಯಿತ್ತು. "ಎಷ್ಟಿದೆ ಓದು?"

"ಒಂದು ಅರವತ್ತು."

"ಮೂರನೇ ಗೇಟು ಏಳಲಿಲ್ಲ. ಹಲ್ಲುಚಕ್ರ ಸಿಕ್ಕಿಹಾಕ್ಕೊಂಡಿದೆ ಅಂತ ಬರೆದುಬಿಟ್ಟೆ. ಸಾಹೇಬರು ಕುಣಿದಾಡಿದ್ರು. ಕುಣೀಲಿ. ನೋಡೋಕೆ ಬರೋ ಎಂಜಿನಿಯರು ಬರೋದೇ ಮುಂದಿನ ವಾರ. ನಿನ್ನೆ ಹೇಳೋಣ ಅಂದ್ರೆ ಅವರು ಪಕ್ಕ ಬಿಟ್ಟು ಅಲ್ಲಾಡಲಿಲ್ಲ. ನಿನ್ನ ಹಕ್ಕಿ ಹತ್ರ ನೀರು ಬಂತಾ?"

ಅವಳು ದುರ್ಬೀನು ಎತ್ತಿದಳು. ದಿಬ್ಬದ ನೆತ್ತಿಯಲ್ಲಿ, ಬೆಳ್ಳಗೆ ಹೊಳೆಯತೊಡಗಿದ ಮರಳಿನಲ್ಲಿ, ಮೂರು ಮೊಟ್ಟೆಗಳು ಬರಿದೇ ಬಿದ್ದಿದ್ದವು. ಅಲ್ಲಿಂದ ಮೂರು ಮಾರು ಕೆಳಗೆ, ನೀರು ಮುಟ್ಟದೆ ಒಣಗಿಯೇ ಉಳಿದ ಎರಡನೇ ಗುಳಿಯಲ್ಲಿ ಹಕ್ಕಿ ಕೂತಿತ್ತು. ಅವಸರದಲ್ಲಿ ಆ ಗುಳಿಯನ್ನು ಅವಳು ಸವರಿ ಮುಚ್ಚಿರಲಿಲ್ಲ. ನಡುವಿನ ನೀರು ಕಂದು ಬಣ್ಣಕ್ಕೆ ತಿರುಗಿ, ಎದೆಮಟ್ಟಕ್ಕೂ ಹೆಚ್ಚು ಆಳವಾಗಿ, ಮರದ ಕೊಂಬೆಗಳನ್ನು ಹೊತ್ತು ಓಡುತ್ತಿತ್ತು. ದೋಣಿಯವನು ದೋಣಿಯನ್ನು ಮೇಲಕ್ಕೆಳೆದು ಬೋರಲು ಹಾಕಿ ಹೋಗಿದ್ದ.

"ಹೇಳೇ, ಬಂತಾ?"

"ಇಲ್ಲ ಅಣ್ಣ," ಎಂದಳು. "ಬರಲಿಲ್ಲ. ನೀರು ಅಲ್ಲಿವರೆಗೂ ಬರಲೇ ಇಲ್ಲ."

"ಮತ್ತೆ? ಗುಂಡಿ ಒತ್ತೋ ಬೆರಳು ಯಾರದು?" ಅಣ್ಣ ನಕ್ಕ. ಅವಳು ಅವನ ನಗು ಮುಗಿಯುವವರೆಗೂ ಫೋನನ್ನು ಕಿವಿಗೇ ಹಿಡಿದಿದ್ದಳು.

ಅತ್ತೆ ಬಂದು ಪಕ್ಕದಲ್ಲಿ ನಿಂತರು. ದುರ್ಬೀನನ್ನು ಇಸಿದುಕೊಂಡು ನೋಡಿದರು, ವಾಪಸು ಕೊಟ್ಟರು. ಅಷ್ಟು ಹೊತ್ತಿಗೇ ಬಿಸಿಲು ಚುರುಗುಟ್ಟುತ್ತಿತ್ತು.

ಹಕ್ಕಿ ಎದ್ದಿತು. ಇಳಿಜಾರಿನಲ್ಲಿ ನಡೆದು ನೀರಿನಂಚಿಗೆ ಬಂದು, ಹೊಟ್ಟೆಯ ಗರಿಗಳನ್ನು ಮುಳುಗಿಸಿ ಚೆನ್ನಾಗಿ ಒದ್ದೆ ಮಾಡಿಕೊಂಡಿತು. ಸೆಕೆಗೆ ಮೊಟ್ಟೆಗಳು ಬೇಯದಿರಲೆಂದು ಈ ಹಕ್ಕಿಗಳು ಮಾಡುವುದು ಹಾಗೆ. ಹನಿ ಬೀಳಿಸದಂತೆ ಬೇಗಬೇಗ ಹಿಂತಿರುಗಿ, ಖಾಲಿ ಗುಳಿಯ ಮೇಲೆ ನಿಂತು, ಸ್ವಲ್ಪ ಸ್ವಲ್ಪವೇ ಮೈ ತಗ್ಗಿಸಿ, ಏನನ್ನೂ ಒಡೆಯದ ಎಚ್ಚರದಲ್ಲಿ ಕೂತಿತು.