ಹೆಸರು ಕೂಗುವವನು

ಪರದೆ ಕಪ್ಪಗೇ ಉಳಿಯಿತು. ಎಡಗಡೆಯ ಮೇಲ್ಮೂಲೆಯಲ್ಲಿ ಎರಡೇ ಎರಡು ಬಿಳಿಯ ಸಾಲು. ಮೊದಲನೆಯದು, ಅಂಥದೊಂದು ಸಾಧನ ಇಲ್ಲಿಲ್ಲವೆಂದು ಹೇಳಿ, ಆ ಇಲ್ಲದ ಸಾಧನದ ಹೆಸರನ್ನು ಅಂಕಿ ಅಕ್ಷರಗಳ ಉದ್ದನೆಯ ಸರವಾಗಿ ಬರೆದಿತ್ತು. ಎರಡನೆಯದರಲ್ಲಿ ಮಿಟುಕುವ ಗೆರೆಯೊಂದು, ಯಾರಾದರೂ ಏನಾದರೂ ಹೇಳಲಿ ಎಂದು ಕಾಯುತ್ತಿತ್ತು. ಪೆನೆಹುರೊ ದ್ವೀಪದ ಪುಟ್ಟ ಆಸ್ಪತ್ರೆಯ ಕಂಪ್ಯೂಟರನ್ನು ಆರಿಸಿ, ಹತ್ತು ಎಣಿಸಿ, ಮತ್ತೆ ಹಚ್ಚಿದ. ಅದೇ ಎರಡು ಸಾಲು.

"ಏನಂತೆ?" ಎಂದಳು ನರ್ಸ್ ಅಕೆನೆಹೆ, ಮಂಚದ ಹಾಸನ್ನು ಬಿಗಿಮಾಡುತ್ತ.

"ಏಳ್ತಾ ಇಲ್ಲ ಅಕ್ಕ."

"ಬೆಳಿಗ್ಗೆ ಕುಂಟುತ್ತಾ ಆದ್ರೂ ಏಳ್ತಿತ್ತು. ಹೊಸದು ಹಾಕ್ತೀನಿ ಅಂತ ಬಂದೆ, ಪೂರ್ತಿ ಮಲಗಿಸ್ಬಿಟ್ಟೆ. ಹೋದ ವರ್ಷ ಚರ್ಚಿನ ಮೈಕಿಗೆ ಕೈ ಹಾಕಿದ್ದೆ ನೋಡು, ಪಾದ್ರಿಗಳು ಮೂರು ಭಾನುವಾರ ಕಿರುಚಿ ಗಂಟಲು ಕಟ್ಟಿಸ್ಕೊಂಡ್ರು."

ಮಂಚದ ಮೇಲೆ ಕುಳಿತಿದ್ದ ಮೆಲೆಯಾನೆ ನಕ್ಕಳು. ನಕ್ಕಿದ್ದಕ್ಕೆ ಹೊಟ್ಟೆ ಎಳೆದಂತಾಗಿ ಕೈಯಿಟ್ಟುಕೊಂಡಳು. ಏಳನೆಯ ತಿಂಗಳು. ಹೊಟ್ಟೆ ಮಾತ್ರ ತಿಂಗಳುಗಳ ಲೆಕ್ಕವನ್ನು ಮೀರಿ ಬೆಳೆದಿತ್ತು.

ಕಿಟಕಿಯಾಚೆ, ಹವಳದ ದಿಬ್ಬದ ಹೊರಗೆ, ಅಪಿಯಾ ಪಟ್ಟಣದಿಂದ ಬಂದ ಹಡಗು ಲಂಗರಿಲ್ಲದೆ ತೇಲಿಕೊಂಡಿತ್ತು. ಅಲ್ಲಿ ಲಂಗರು ನೆಲ ಮುಟ್ಟದಷ್ಟು ಆಳ. ಹದಿನೈದು ದಿನಕ್ಕೊಮ್ಮೆ ಬರುವ ಆ ಹಡಗು ಈ ಸಲ ಅಕ್ಕಿ, ಸಕ್ಕರೆ, ಸಿಮೆಂಟಿನ ಜೊತೆಗೆ ಬೆರಳುದ್ದದ ಒಂದು ಪೆನ್‌ಡ್ರೈವನ್ನೂ ತಂದಿತ್ತು. ಅದರಲ್ಲಿ ಹೊಸ ಆಪರೇಟಿಂಗ್ ಸಿಸ್ಟಂ ಇತ್ತು. ಹೊಟ್ಟೆಯೊಳಗಿನ ಚಿತ್ರವನ್ನು ದೊಡ್ಡಾಸ್ಪತ್ರೆಗೆ ಕಳಿಸುವ ತಂತ್ರಾಂಶ ಹಳೆಯದರ ಮೇಲೆ ನಡೆಯುವುದನ್ನು ನಿಲ್ಲಿಸಿ ತಿಂಗಳಾಗಿತ್ತು. ಅಪಿಯಾದ ಡಾಕ್ಟರು ಬೆಳಿಗ್ಗೆಯೇ ಫೋನಿನಲ್ಲಿ ಹೇಳಿದ್ದರು: "ಮಗು ನನ್ ಕಣ್ಣಿಗೆ ಕಾಣಿಸ್ಲಿ, ಎಲ್ಲಾ ಸರಿಯಿದ್ರೆ ತಾಯಿ ಅಲ್ಲೇ ಇರ್ಲಿ. ಕಾಣಿಸ್ದೆ ಇದ್ರೆ ಇವತ್ತೇ ಹತ್ತಿಸ್ಬಿಡಿ. ಇನ್ನೊಂದು ಹಡಗಿನವರೆಗೆ ನಾನು ಕಾಯಲ್ಲ."

ಕೊನೆಯ ದೋಣಿ ದಡದಿಂದ ಹಡಗಿಗೆ ಹೊರಡುವುದು ಮೂರು ಗಂಟೆಗೆ. ಈಗ ಒಂದೂವರೆ.

"ನಾನಂತೂ ಹೋಗಲ್ಲ," ಎಂದಳು ಮೆಲೆಯಾನೆ. "ಮೂವತ್ತು ಗಂಟೆ ಡೆಕ್ ಮೇಲೆ ವಾಂತಿ ಮಾಡ್ಕೊಂಡು, ಎರಡು ತಿಂಗಳು ಯಾರ್ದೋ ಮನೆ ಚಾಪೆ ಮೇಲೆ ಬಿದ್ಕೊಂಡು. ಇಯೋಸೆಫೊ ಬೇರೆ ನಸುಕಿಗೇ ಮೀನಿಗೆ ಹೋದ. ಗಂಡನಿಗೆ ಒಂದ್ ಮಾತು ಹೇಳ್ದೆ ಹೇಗೆ ಹೋಗ್ಲಿ? ಎಬ್ಬಿಸೋ ಪೆನೆಹುರೊ, ನಿನ್ ಕಾಲಿಗೆ ಬೀಳ್ತೀನಿ."

"ಬಗ್ಗೋಕೆ ಆಗತ್ತಾ ನಿಂಗೆ?" ಎಂದ ಪೆನೆಹುರೊ. ಆದರೆ ಅವನ ಕಣ್ಣು ಪರದೆಯ ಮೇಲೆಯೇ ಇತ್ತು.

ಊರಿನ ದೂರವಾಣಿ ಯಂತ್ರಗಳಿದ್ದ ಗುಡಿಸಲಿನಲ್ಲಿ ಇಪ್ಪತ್ತೆರಡು ವರ್ಷ ಕಳೆದವನು ಅವನು. ಕಲಿಸಿದವರು ಯಾರೂ ಇರಲಿಲ್ಲ. ಹಡಗಿನ ಸಾಮಾನಿನೊಡನೆ ಬಂದ ಕೈಪಿಡಿಗಳಿಂದ ಬೇಕಾದ್ದನ್ನೆಲ್ಲ ಒಂದು ನೋಟುಬುಕ್ಕಿಗೆ ಇಳಿಸಿಕೊಂಡಿದ್ದ. ಆ ನೋಟುಬುಕ್ಕು ಈಗ ತೊಡೆಯ ಮೇಲಿತ್ತು. ಬೇಕಾದ ಪುಟವೂ ಸಿಕ್ಕಿತ್ತು. ಫೆಬ್ರವರಿಯ ದೊಡ್ಡ ಉಬ್ಬರದಲ್ಲಿ ಸಮುದ್ರ ಗುಡಿಸಲಿನೊಳಗೆ ಬಂದಾಗ ಆ ಪುಟದ ಶಾಯಿ ಕದಡಿ, ನೀಲಿಯ ಮೋಡಗಳು ಮಾತ್ರ ಉಳಿದಿದ್ದವು.

ಬಾಗಿಲ ಬಳಿಯ ಬೆಂಚಿನಲ್ಲಿ ಮೆಲೆಯಾನೆಯ ತಾತ ಲುಹಿಯಾನೊ ಕುಳಿತಿದ್ದ. ಸಂಜೆಯ ಇನಾಟಿಯಲ್ಲಿ, ಊರ ಮೀನನ್ನೆಲ್ಲ ದಡದಲ್ಲಿ ರಾಶಿ ಹಾಕಿ ಪಾಲು ಮಾಡುವಾಗ, ಮನೆಮನೆಯ ಹೆಸರು ಕೂಗುವವನು ಅವನು. ಮೂವತ್ತೊಂದು ವರ್ಷದಿಂದ ಕೂಗುತ್ತಿದ್ದ. ಅವನ ವಂಶದಲ್ಲಿ ಇದುವರೆಗೆ ಯಾರೂ ದ್ವೀಪದ ಹೊರಗೆ ಹುಟ್ಟಿರಲಿಲ್ಲ.

"ಏನು ಬರೆದಿದೆ ಮಗಾ ಅದ್ರಲ್ಲಿ?"

"ಹೇಗೆ ಹೇಳ್ಲಿ ತಾತ. ಬೂಟ್‌ಲೋಡರ್ ಅಂತ ಒಂದಿರತ್ತೆ. ಯಂತ್ರಕ್ಕೆ ಕರೆಂಟ್ ಕೊಟ್ಟ ತಕ್ಷಣ ಏಳೋದು ಅದೊಂದೇ, ತುಂಬಾ ಚಿಕ್ಕದು. ಅದಕ್ಕೆ ಇರೋದು ಒಂದೇ ಕೆಲ್ಸ. ಒಳಗೆ ಮಲಗಿರೋ ದೊಡ್ಡದರ ಹೆಸರು ಕೂಗಿ ಎಬ್ಬಿಸ್ಬೇಕು. ಅದು ಕೂಗ್ತಾ ಇದೆ. ಯಾರೂ ಓ ಅಂತಿಲ್ಲ."

"ಹೊಸದನ್ನ ನೀನೇ ತಾನೆ ಒಳಗೆ ಕೂರಿಸಿದ್ದು?"

"ಹೌದು. ಕೂರಿಸುವಾಗ ಅದು ಕೇಳ್ತು, ಹಳೇ ಬೂಟ್‌ಲೋಡರ್ ತೆಗೆದು ಹೊಸದು ಹಾಕ್ಲಾ ಅಂತ." ಪೆನೆಹುರೊ ಕತ್ತು ಉಜ್ಜಿಕೊಂಡ. "ಬೇಡ ಅಂದೆ. ಎಂಟು ವರ್ಷ ಒಂದು ದಿನವೂ ತಪ್ಪದೆ ಎಬ್ಬಿಸಿತ್ತು. ಕೆಲ್ಸ ಮಾಡ್ತಾ ಇರೋದನ್ನ ಯಾಕೆ ತೆಗೀಬೇಕು ಅನ್ನಿಸ್ತು."

"ಅದ್ರಲ್ಲೇನು ತಪ್ಪು," ಎಂದ ಲುಹಿಯಾನೊ. ಆ ದ್ವೀಪದಲ್ಲಿ ಯಾರನ್ನು ಕೇಳಿದ್ದರೂ ಅದನ್ನೇ ಹೇಳುತ್ತಿದ್ದರು. ಅಲ್ಲಿ ಓಡುತ್ತಿರುವ ಮೋಟಾರನ್ನಾಗಲಿ, ಕೂಗಬಲ್ಲ ಮುದುಕನನ್ನಾಗಲಿ ಯಾರೂ ತೆಗೆದುಹಾಕುವುದಿಲ್ಲ.

ಆಮೇಲೆ ಮುದುಕ, ಯಾರ ಕಡೆಗೂ ನೋಡದೆ, ಹೇಳಿದ: "ಒಂದ್ಸಲ ನಾನು ಸತ್ತವನ ಹೆಸರು ಕೂಗ್ಬಿಟ್ಟೆ. ಕೆಲೆಕೋಲಿಯೊ. ಅವನನ್ನ ಮಣ್ಣು ಮಾಡಿ ವಾರ ಆಗಿತ್ತು. ನಾಲಿಗೆಗೆ ರೂಢಿ ನೋಡು, ಬಂದ್ಬಿಡ್ತು. ಮೀನು ಮರಳ ಮೇಲೆ ಬಿತ್ತು. ಯಾರೂ ಮುಂದೆ ಬರ್ಲಿಲ್ಲ. ನಾನೇನು ಮಾಡ್ದೆ ಗೊತ್ತಾ? ಅದೇ ಹೆಸರನ್ನ ಇನ್ನೂ ಜೋರಾಗಿ ಕೂಗ್ದೆ."

"ಈ ಮಾತು ನಾನು ಕೇಳೇ ಇರ್ಲಿಲ್ಲ ತಾತ," ಎಂದಳು ಮೆಲೆಯಾನೆ.

"ಹೇಳೋ ಮಾತೇ ಅದು? ಕೊನೆಗೆ ನಿಮ್ಮಜ್ಜಿ ಬಂದು ಕಿವೀಲಿ ಹೇಳಿದ್ಲು. ಆ ಮನೆ ಈಗ ಮಗಳ ಹೆಸರಲ್ಲಿದೆ, ಅದನ್ನ ಕೂಗಿ ಅಂತ. ಮನೆ ಎಲ್ಲೂ ಹೋಗಿರ್ಲಿಲ್ಲ ಮಗಾ. ಒಲೆ ಉರೀತಾನೇ ಇತ್ತು. ನಾನು ಕೂಗೋ ಬದ್ಲು ಒಂದು ಸುತ್ತು ಹೋಗಿ, ಯಾರಿದೀರಾ ಅಂತ ಕೇಳಿದ್ರೆ ಆಗ್ತಿತ್ತು."

ಪೆನೆಹುರೊ ನೋಟುಬುಕ್ಕನ್ನು ಮುಚ್ಚಿದ. ಡಿಸ್ಕನ್ನು ಒರೆಸಿ ಹೊಸದನ್ನು ಕೂರಿಸಿದಾಗ ಆ ಜಾಗಕ್ಕೆ ಹೊಸ ಹೆಸರು ಬಿದ್ದಿರಬೇಕು. ಬಾಗಿಲಲ್ಲಿ ನಿಂತು ಕೂಗುವ ಹಳೆಯ ಬೂಟ್‌ಲೋಡರಿಗೆ ಅದನ್ನು ಯಾರೂ ತಿಳಿಸಿರಲಿಲ್ಲ. ಅವನು ಕೀಲಿಮಣೆಯನ್ನು ಹತ್ತಿರಕ್ಕೆ ಎಳೆದುಕೊಂಡು, ಎರಡೇ ಅಕ್ಷರದ ಆಜ್ಞೆಯೊಂದನ್ನು ಒತ್ತಿದ. ಯಾರಿದ್ದೀರಿ ಎಂದು ಕೇಳುವ ಆಜ್ಞೆ ಅದು.

ಮೂರು ಜಾಗಗಳು ಸಾಲಾಗಿ ಕಾಣಿಸಿಕೊಂಡವು. ಮೊದಲನೆಯದರ ಒಳಗೆ ಇಣುಕಿದಾಗ ಪರದೆ ಗುರುತಿಲ್ಲ ಎಂದಿತು. ಎರಡನೆಯದೂ ಹಾಗೆಯೇ. ಮೂರನೆಯದನ್ನು ಕೇಳಿದಾಗ, ಅರೆಗಳಿಗೆ ಸುಮ್ಮನಿದ್ದ ಪರದೆ, ಒಂದರ ಹಿಂದೊಂದು ಹೆಸರುಗಳನ್ನು ಬಿಡಿಸುತ್ತ ಹೋಯಿತು. ಬೆಳಿಗ್ಗೆ ಅವನು ಇಟ್ಟಿದ್ದೆಲ್ಲ ಅಲ್ಲಿತ್ತು. ಒಂದೂ ಕಳೆದಿರಲಿಲ್ಲ.

"ಒಲೆ ಉರೀತಾ ಇದೆ ತಾತ," ಎಂದ ಪೆನೆಹುರೊ.

ಐದು ಸಾಲು ಬರೆದ. ನಿನ್ನ ಮನೆ ಇದು ಎಂದು ಒಂದರಲ್ಲಿ ತಿಳಿಸಿದ. ಬೇಕಾದ ಸಲಕರಣೆ ಇಂಥಲ್ಲಿದೆ ಎಂದು ಇನ್ನೊಂದರಲ್ಲಿ. ಎಬ್ಬಿಸಬೇಕಾದದ್ದರ ಹೆಸರನ್ನು ಅಕ್ಷರ ಅಕ್ಷರವಾಗಿ ಮೂರನೆಯದರಲ್ಲಿ. ನಾಲ್ಕನೆಯದರಲ್ಲಿ ಒಂದು ಚುಕ್ಕೆ ತಪ್ಪಿ, ಮತ್ತೆ ಬರೆಯಬೇಕಾಯಿತು. ಐದನೆಯದು ಒಂದೇ ಪದ: ಏಳು.

ಪರದೆ ಪೂರ್ತಿ ಆರಿತು. ಆಮೇಲೆ ಆ ಕತ್ತಲೆಯ ಬುಡದಿಂದ ಸಾಲುಗಳು ಏಳತೊಡಗಿದವು, ಮೊದಲು ಒಂದೊಂದಾಗಿ, ಆಮೇಲೆ ಕಣ್ಣಿಗೆ ನಿಲುಕದಷ್ಟು ವೇಗವಾಗಿ. ಯಂತ್ರವು ತನ್ನ ಗಡಿಯಾರವನ್ನು ಕಂಡುಕೊಂಡಿತು, ಕೀಲಿಮಣೆಯನ್ನು ಕಂಡುಕೊಂಡಿತು, ತನಗೆ ನೆನಪೆಂಬುದು ಎಷ್ಟಿದೆಯೆಂದು ಅಳೆದುಕೊಂಡಿತು. ಇದೆಲ್ಲ ಪ್ರತಿ ಬೆಳಿಗ್ಗೆಯೂ ನಡೆಯುತ್ತದೆಂದು ಪೆನೆಹುರೊಗೆ ಗೊತ್ತಿತ್ತು. ಆದರೆ ಏನೂ ಅಲ್ಲದ್ದೊಂದು, ಒಂದು ಸರಿಯಾದ ಹೆಸರನ್ನು ಹಿಡಿದುಕೊಂಡು, ತನ್ನನ್ನು ತಾನೇ ಎತ್ತಿ ನಿಲ್ಲಿಸಿಕೊಳ್ಳುವುದನ್ನು ಅವನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಮೈಕಿನ ವಿಷಯವನ್ನು ಅಕೆನೆಹೆಯೂ ಮತ್ತೆ ಎತ್ತಲಿಲ್ಲ.

ಅವನು ಮೊದಲು ಹಳೆಯ ಬೂಟ್‌ಲೋಡರಿನ ಜಾಗದಲ್ಲಿ ಹೊಸದನ್ನು ಬರೆಸಿದ. ಆಮೇಲೆ ಎದ್ದು, ಕುರ್ಚಿಯನ್ನು ನರ್ಸಿಗೆ ಬಿಟ್ಟು, ಬಾಗಿಲ ಕಡೆ ಹೊರಟ.

"ಇರೋ," ಎಂದಳು ಮೆಲೆಯಾನೆ. "ಎಬ್ಬಿಸಿದವ್ನು ನೀನು. ಗೋಡೆ ಕಡೆ ತಿರುಗಿ ನಿಂತ್ಕೊ, ಸಾಕು."

ಹಾಗಾಗಿ ಪೆನೆಹುರೊ ನೋಡಲಿಲ್ಲ, ಕೇಳಿದ. ಅಕೆನೆಹೆ ಮೆಲೆಯಾನೆಯ ಹೊಟ್ಟೆಯ ಮೇಲೆ ಸ್ಕ್ಯಾನ್ ಉಪಕರಣವನ್ನು ಆಡಿಸುತ್ತಿದ್ದಂತೆ ಮೊದಲು ಅಲೆಯ ಸದ್ದು ಬಂತು, ಅದರೊಳಗಿಂದ ಪಟಪಟನೆ ಓಡುವ ಒಂದು ಬಡಿತ. ಉಪಕರಣ ಸ್ವಲ್ಪ ಎಡಕ್ಕೆ ಸರಿಯಿತು. ಇನ್ನೊಂದು ಬಡಿತ. ಅದು ಮೊದಲಿನದಕ್ಕಿಂತ ತುಸು ನಿಧಾನ. ತನ್ನ ಪಾಡಿಗೆ ತಾನು ನಡೆಯುತ್ತಿತ್ತು.

ಹೆಸರು ಕೂಗುವ ಮುದುಕನ ಕಿವಿಗೆ ಅದು ಎಲ್ಲರಿಗಿಂತ ಮೊದಲು ತಿಳಿಯಿತು. ಅವನು ತಲೆಯ ಮೇಲಿನ ಟೋಪಿ ತೆಗೆದ.

"ಎರಡು ದನಿ," ಎಂದ.

ಅಪಿಯಾದಿಂದ ಡಾಕ್ಟರ ಮಾತು ಫೋನಿನಲ್ಲಿ ಬಂತು, ಅವಸರವಿಲ್ಲದೆ. "ಅವಳಿ. ಒಂದು ಅಡ್ಡ ಮಲಗಿದೆ. ಗಾಬರಿ ಬೇಡ, ಆದ್ರೆ ಹೆರಿಗೆ ಇಲ್ಲೇ ಆಗ್ಬೇಕು. ಇವತ್ತಿನ ಹಡಗಿಗೇ ಬನ್ನಿ."

ಎಲ್ಲರೂ ಲುಹಿಯಾನೊ ಕಡೆ ನೋಡಿದರು. ಅವನು ಬೇಡವೆನ್ನಲಿಲ್ಲ. ಅಕೆನೆಹೆ ಉಪಕರಣ ತೆಗೆದು ಎರಡು ಬಡಿತಗಳ ಸದ್ದು ನಿಂತ ಮೇಲೂ ಅವನು ಕಿವಿಗೊಟ್ಟೇ ಕುಳಿತಿದ್ದ.

ದೋಣಿಯ ಬಳಿ ಪೆನೆಹುರೊ ಅವಳ ಚಾಪೆಯನ್ನು ಹೊತ್ತು ತಂದ. ಅವನ ಮುಖ ನೋಡಿ ಮೆಲೆಯಾನೆ ಹೇಳಿದಳು: "ನಿಂದೇನು ತಪ್ಪಿಲ್ವೋ. ಅದು ಏಳ್ದೆ ಇದ್ರೂ ಕಳಿಸ್ತಿದ್ರು, ಎದ್ದಿದ್ದಕ್ಕೂ ಕಳಿಸ್ತಿದಾರೆ. ಯಾರ್ ಜೊತೆ ಹೋಗ್ತಿದೀನಿ ಅಂತ ಈಗ ಗೊತ್ತಾಯ್ತು, ಅಷ್ಟೆ." ಆಮೇಲೆ ತಾತನ ಕಡೆ ತಿರುಗಿದಳು. "ಇಯೋಸೆಫೊಗೆ ನೀನೇ ಹೇಳ್ಬೇಕು. ಬೇರೆ ಯಾರ ಬಾಯಿಂದನೂ ಬೇಡ."

ಮೀನಿನ ದೋಣಿಗಳು ಸಂಜೆ ಐದೂವರೆಗೆ ಬಂದವು. ತೆಂಗಿನ ಗರಿಗಳ ಮೇಲೆ ಟ್ಯೂನಾ ಮೀನುಗಳನ್ನು ದೊಡ್ಡವು, ಚಿಕ್ಕವು ಎಂದು ಬೇರೆಬೇರೆ ಸಾಲಾಗಿ ಜೋಡಿಸಿದರು. ಪಾಲು ಮುಗಿಯುವವರೆಗೆ ದಡದಲ್ಲಿ ಯಾರೂ ಮಾತಾಡುವುದಿಲ್ಲ. ಇಯೋಸೆಫೊ ಒದ್ದೆ ಬಟ್ಟೆಯಲ್ಲೇ ನಿಂತು ಹೆಂಗಸರ ಗುಂಪಿನಲ್ಲಿ ಮೆಲೆಯಾನೆಗಾಗಿ ಹುಡುಕಿದ. ಹೆಂಗಸರು ಮರಳನ್ನು ನೋಡಿದರು.

ಲುಹಿಯಾನೊ ಒಂದೊಂದೇ ಮನೆಯನ್ನು ಕೂಗುತ್ತ ಬಂದ. ತಾನೂ ಮೊಮ್ಮಗಳೂ ಅವಳ ಗಂಡನೂ ಇರುವ ಮನೆಯ ಹೆಸರು ಬಂದಾಗಲೂ ದನಿ ಬದಲಾಗಲಿಲ್ಲ. ಹಂಚುವ ಪೆಟೆಲೊ ತಲೆಗೊಂದು ಎಂಬ ರೂಢಿಯಂತೆ ಮೂರು ದೊಡ್ಡ ಮೀನು ಎತ್ತಿಕೊಂಡವನು, ನೆನಪಾಗಿ, ಒಂದನ್ನು ಹಿಂದಕ್ಕಿಟ್ಟು ಎರಡನ್ನೇ ಗರಿಯ ಮೇಲಿಟ್ಟ. ದ್ವೀಪದಲ್ಲಿಲ್ಲದವರಿಗೆ ಪಾಲಿಲ್ಲ. ಇನ್ನೂ ಹುಟ್ಟದವರಿಗೂ ಇಲ್ಲ.

ಲುಹಿಯಾನೊ ಮುಂದಿನ ಮನೆಗೆ ಹೋಗಲಿಲ್ಲ. ಅದೇ ಹೆಸರನ್ನು ಮತ್ತೊಮ್ಮೆ ಕೂಗಿದ.

ಪೆಟೆಲೊ ತಲೆಯೆತ್ತಿದ. ಹಳೆಯ ತಪ್ಪನ್ನು ಕಂಡಿದ್ದ ಕೆಲವರು ಒಬ್ಬರನ್ನೊಬ್ಬರು ನೋಡಿಕೊಂಡರು. ಪೆಟೆಲೊ ನಿಧಾನವಾಗಿ ಚಿಕ್ಕ ಮೀನುಗಳ ಸಾಲಿಗೆ ಹೋಗಿ, ಒಂದನ್ನು ತಂದಿಟ್ಟ.

ಮುದುಕ ಮೂರನೆಯ ಸಲ ಕೂಗಿದ. ಇನ್ನೊಂದು ಚಿಕ್ಕ ಮೀನು ಬಂದು ಮೊದಲಿನದರ ಪಕ್ಕದಲ್ಲಿ ಮಲಗಿತು.

ಬುಟ್ಟಿ ಹಿಡಿದು ಮುಂದೆ ಬಂದ ಇಯೋಸೆಫೊ ಗರಿಯನ್ನೇ ನೋಡುತ್ತ ನಿಂತ. ಎರಡು ದೊಡ್ಡವು. ಎರಡು ಚಿಕ್ಕವು. ಅವನು ಹವಳದ ದಿಬ್ಬದಾಚೆ, ಬೆಳಿಗ್ಗೆ ಹಡಗು ನಿಂತಿದ್ದ ನೀರಿನ ಕಡೆ ನೋಡಿದ. ಆಮೇಲೆ ಮುದುಕನ ಕಡೆ. ಮುದುಕ ರೆಪ್ಪೆ ಮಿಟುಕಿಸಲಿಲ್ಲ.

ಇಯೋಸೆಫೊ ಮಂಡಿಯೂರಿ ದೊಡ್ಡವೆರಡನ್ನು ಬುಟ್ಟಿಗೆ ಹಾಕಿಕೊಂಡ. ಚಿಕ್ಕವೆರಡನ್ನು ಬುಟ್ಟಿಗೆ ಹಾಕಲಿಲ್ಲ. ಬುಟ್ಟಿಯನ್ನು ತೋಳಿಗೆ ಸಿಕ್ಕಿಸಿಕೊಂಡು, ಅಂಗೈಗೊಂದರಂತೆ ಎತ್ತಿಕೊಂಡು, ಜಾರದಂತೆ ಎದೆಗೆ ಆನಿಸಿಕೊಂಡು, ಮನೆಯ ಕಡೆ ನಡೆದ.

ಲುಹಿಯಾನೊ ಮುಂದಿನ ಮನೆಯ ಹೆಸರು ಕೂಗಿದ.